ಚಾಲೂ ಆಗದ ಬಟ್ಟೆ ಡ್ರೈಯರ್: ಮೈಸೂರು ಮನೆಗಳಲ್ಲಿ ದೋಷಪತ್ತೆ

ಬಟ್ಟೆ ಡ್ರೈಯರ್ ಒಗೆದ ಬಟ್ಟೆಯಲ್ಲಿ ಉಳಿದ ನೀರನ್ನು ವೇಗವಾಗಿ ಸುತ್ತಿಸಿಯೋ ಬಿಸಿಗಾಳಿ ಹಾಯಿಸಿಯೋ ಹೊರಹಾಕುವ ಗೃಹಯಂತ್ರ. ಮೈಸೂರಿನಲ್ಲಿ ಇದರ ಅಗತ್ಯ ಮುಖ್ಯವಾಗಿ ಮಳೆಗಾಲದಲ್ಲಿ. ಬೇಸಗೆಯಲ್ಲಿ ತಾರಸಿಯ ಬಿಸಿಲೇ ಬಟ್ಟೆ ಒಣಗಿಸುತ್ತದೆ. ಜೂನ್‌ನಲ್ಲಿ ಮೋಡ ಕವಿದು ಸೋನೆ ಹಿಡಿದಾಗ, ತಿಂಗಳುಗಟ್ಟಲೆ ಸುಮ್ಮನೆ ನಿಂತಿದ್ದ ಯಂತ್ರದ ನೆನಪಾಗುತ್ತದೆ. ಆಗ ಅದು ಚಾಲೂ ಆಗದಿದ್ದರೆ ‘ಮೋಟರ್ ಸುಟ್ಟಿದೆ’ ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಆದರೆ ಗೋಡೆಯ ಸಾಕೆಟ್ಟಿನಿಂದ ಹೊರಟ ವಿದ್ಯುತ್ತಿನ ದಾರಿಯಲ್ಲಿ ಮೋಟರ್ ಕೊನೆಯ ಕೊಂಡಿ. ಅದಕ್ಕೂ ಮೊದಲು ನೋಡಬೇಕಾದವು ಪ್ಲಗ್, ಮುಚ್ಚಳದ ಸ್ವಿಚ್, ಟೈಮರ್, ಉಷ್ಣ ಫ್ಯೂಸ್, ಕೆಪಾಸಿಟರ್ ಮತ್ತು ಬ್ರೇಕ್. ಇವೆಲ್ಲ ಮೋಟರಿಗಿಂತ ಅಗ್ಗದ ಭಾಗಗಳು. ಆದ್ದರಿಂದ ದೋಷಪತ್ತೆಯನ್ನು ಗೋಡೆಯಿಂದ ಯಂತ್ರದ ಒಳಕ್ಕೆ ಕ್ರಮವಾಗಿ ನಡೆಸಬೇಕು.

ವಿಧಗಳು

ಮೈಸೂರಿನ ಮನೆಮಾತಿನಲ್ಲಿ ಡ್ರೈಯರ್ ಎಂದರೆ ಸಾಮಾನ್ಯವಾಗಿ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್‌ನ ಎರಡನೆಯ, ಚಿಕ್ಕ ತೊಟ್ಟಿ. ತಾಂತ್ರಿಕವಾಗಿ ಇದು ಸ್ಪಿನ್ ಡ್ರೈಯರ್. ಇದರಲ್ಲಿ ಬಿಸಿ ಮಾಡುವ ಕಾಯಿಲ್ ಇರುವುದಿಲ್ಲ. ರಂಧ್ರಗಳಿರುವ ಡ್ರಮ್ಮನ್ನು ಮೋಟರ್ ನೇರವಾಗಿ ನಿಮಿಷಕ್ಕೆ ಸುಮಾರು 1,350 ಸುತ್ತು ತಿರುಗಿಸುತ್ತದೆ. 12 ಸೆಂ.ಮೀ. ತ್ರಿಜ್ಯದ ಡ್ರಮ್ಮಿನಲ್ಲಿ ಈ ವೇಗ ಗುರುತ್ವದ 200 ಪಟ್ಟಿಗೂ ಮೀರಿದ ಬಲ ಹುಟ್ಟಿಸುವುದರಿಂದ ಬಟ್ಟೆಯ ನೀರು ರಂಧ್ರಗಳ ಮೂಲಕ ಸಿಡಿದು ಹೋಗುತ್ತದೆ. ಬಟ್ಟೆ ಪೂರ್ತಿ ಒಣಗುವುದಿಲ್ಲ. ನೀರು ತೊಟ್ಟಿಕ್ಕದಷ್ಟು ಹಿಂಡಿಕೊಳ್ಳುತ್ತದೆ.

ಎರಡನೆಯದು ಟಂಬಲ್ ಡ್ರೈಯರ್. ನಿಧಾನವಾಗಿ ಉರುಳುವ ದೊಡ್ಡ ಡ್ರಮ್ಮಿನೊಳಗೆ ಬಿಸಿಗಾಳಿ ಹಾಯಿಸಿ ಬಟ್ಟೆಯನ್ನು ಪೂರ್ತಿ ಒಣಗಿಸುವ ಪ್ರತ್ಯೇಕ ಯಂತ್ರ ಇದು. ತೇವದ ಗಾಳಿಯನ್ನು ಕೊಳವೆಯಿಂದ ಹೊರಬಿಡುವ ವೆಂಟೆಡ್, ಆವಿಯನ್ನು ನೀರಾಗಿಸಿ ತೊಟ್ಟಿಯಲ್ಲಿ ಹಿಡಿಯುವ ಕಂಡೆನ್ಸರ್, ಶೈತ್ಯಯಂತ್ರದ ತತ್ತ್ವದಲ್ಲಿ ಶಾಖವನ್ನು ಮರುಬಳಸುವ ಹೀಟ್ ಪಂಪ್ ಎಂದು ಮೂರು ಬಗೆ. ಡ್ರೈಯರಿನ ಮೂರನೆಯ ವಿಧ, ಒಗೆಯುವ ಡ್ರಮ್ಮಿನಲ್ಲೇ ಒಣಗಿಸುವ ವಾಷರ್-ಡ್ರೈಯರ್.

ಸ್ಪಿನ್ ಡ್ರೈಯರಿಗೂ ಟಂಬಲ್ ಡ್ರೈಯರಿಗೂ ವಿದ್ಯುತ್ ಬಳಕೆಯಲ್ಲಿ ಬಹಳ ಅಂತರವಿದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.65 ಯೂನಿಟ್ಟಿನಷ್ಟು ಶಾಖ ಬೇಕು. 350 ವ್ಯಾಟ್‌ನ ಸ್ಪಿನ್ ಮೋಟರ್ 5 ನಿಮಿಷ ಓಡಿದರೆ ಖರ್ಚಾಗುವುದು 0.03 ಯೂನಿಟ್ ಮಾತ್ರ. ಮನೆಗಳಿಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುವುದರಿಂದ, ಬಿಸಿಗಾಳಿ ಯಂತ್ರ ಇರುವ ಮನೆಯವರೂ ಮೊದಲು ಚೆನ್ನಾಗಿ ಹಿಂಡಿ, ಆಮೇಲೆ ಒಣಗಿಸುವುದು ಲಾಭಕರ.

ಹಿನ್ನೆಲೆ

1800ರ ಸುಮಾರಿಗೆ ಫ್ರಾನ್ಸಿನ ಪೊಷೊನ್ ಎಂಬಾತ ರಂಧ್ರಗಳುಳ್ಳ ಪೀಪಾಯಿಯನ್ನು ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಸಾಧನ ರೂಪಿಸಿದ. ಅಮೆರಿಕದ ಜಾರ್ಜ್ ಸ್ಯಾಂಪ್ಸನ್ 1892ರಲ್ಲಿ ಒಲೆಯ ಶಾಖ ಬಳಸುವ ಒಣಗಿಸುವ ಚೌಕಟ್ಟಿಗೆ ಪೇಟೆಂಟ್ ಪಡೆದರು. ಉತ್ತರ ಡಕೋಟದ ರಾಸ್ ಮೂರ್ ಅವರ ವಿನ್ಯಾಸದ ಮೇಲೆ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ವಿದ್ಯುತ್ ಡ್ರೈಯರನ್ನು ಮಾರುಕಟ್ಟೆಗೆ ತಂದಿತು.

ಮೈಸೂರಿಗೆ ವಿದ್ಯುತ್ ಇದಕ್ಕಿಂತ ಮೊದಲೇ ಬಂದಿತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲೂ 1908ರಲ್ಲಿ ಮೈಸೂರಿನಲ್ಲೂ ವಿದ್ಯುದ್ದೀಪ ಬೆಳಗಿತು. ಈಗ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಒದಗಿಸುವ ಹೊಣೆ ಮೈಸೂರಿನಲ್ಲೇ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು (ಸೆಸ್ಕ್).

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಮುಂಗಾರು ಕರಾವಳಿಯಂತೆ ಸುರಿಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಅಕ್ಟೋಬರಿನ ಹಿಂಗಾರು ಜೋರು. ನಡುವಿನ ತಿಂಗಳುಗಳಲ್ಲಿ ಮೋಡ, ಗಾಳಿ, ಬಿಟ್ಟುಬಿಟ್ಟು ಹನಿ. ಹೀಗಾಗಿ ಡ್ರೈಯರಿಗೆ ವರ್ಷವಿಡೀ ಸಮನಾದ ಕೆಲಸವಿಲ್ಲ. ಬಹಳ ದಿನ ಓಡದ ಯಂತ್ರದಲ್ಲಿ ಬ್ರೇಕ್ ಅಂಟಿಕೊಳ್ಳುತ್ತದೆ, ಶಾಫ್ಟ್ ತುಕ್ಕು ಹಿಡಿಯುತ್ತದೆ, ಸ್ವಿಚ್ಚಿನ ಸಂಪರ್ಕಗಳು ಕಪ್ಪಾಗುತ್ತವೆ, ತಳದಲ್ಲಿ ಇಲಿ ಸೇರುತ್ತದೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಇಟ್ಟ ಯಂತ್ರಕ್ಕೆ ಇರಚಲು ಕೂಡ ಬಡಿಯುತ್ತದೆ.

ವಿದ್ಯುತ್ ಪೂರೈಕೆಯ ಪರಿಶೀಲನೆ

ಮನೆಯಲ್ಲಿ ದೀಪ, ಫ್ಯಾನ್ ನಡೆಯುತ್ತಿವೆ ಎಂಬುದು ಡ್ರೈಯರಿಗೆ ಕರೆಂಟ್ ಬಂದಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಯುಪಿಎಸ್ ಇರುವ ಮನೆಗಳಲ್ಲಿ ದೀಪ ಮತ್ತು ಫ್ಯಾನಿನ ಲೈನ್ ಮಾತ್ರ ಬ್ಯಾಟರಿಗೆ ಸೇರಿರುತ್ತದೆ; ವಾಷಿಂಗ್ ಮೆಷಿನ್, ಗೀಸರ್ ಪಾಯಿಂಟುಗಳು ಸಾಮಾನ್ಯವಾಗಿ ಹೊರಗೆ ಉಳಿಯುತ್ತವೆ. ಕರೆಂಟ್ ಹೋದದ್ದು ಗೊತ್ತಾಗದೆ ಯಂತ್ರವನ್ನೇ ದೂರುವುದು ಇದರಿಂದ. ಮೂರು ಫೇಸ್ ಸಂಪರ್ಕವಿರುವ ಮನೆಗಳಲ್ಲಿ ಒಂದು ಫೇಸ್ ಹೋದರೆ ಮನೆಯ ಉಳಿದೆಡೆ ಬೆಳಕಿದ್ದು, ಯುಟಿಲಿಟಿ ಮಾತ್ರ ಸತ್ತಿರಬಹುದು. ನಿರ್ವಹಣೆಗಾಗಿ ಸೆಸ್ಕ್ ವಿದ್ಯುತ್ ನಿಲುಗಡೆ ಮಾಡುವ ಬಡಾವಣೆಗಳ ಪಟ್ಟಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ದೂರಿಗೆ 1912 ಸಹಾಯವಾಣಿ ಇದೆ.

ಸಾಕೆಟ್ಟನ್ನು ಪರೀಕ್ಷಿಸುವ ಸರಳ ವಿಧಾನ, ಅದೇ ಸಾಕೆಟ್ಟಿಗೆ ಸರಿಯಾಗಿ ಕೆಲಸ ಮಾಡುವ ಇಸ್ತ್ರಿಪೆಟ್ಟಿಗೆಯನ್ನೋ ಮಿಕ್ಸಿಯನ್ನೋ ಹಾಕಿ ನೋಡುವುದು. ಟೆಸ್ಟರ್ ದೀಪ ಹೊತ್ತಿಕೊಂಡರೆ ಫೇಸ್ ಇದೆ ಎಂದಷ್ಟೇ ಅರ್ಥ. ನ್ಯೂಟ್ರಲ್ ಕಡಿದಿದ್ದರೂ ಅದು ಹೊತ್ತಿಕೊಳ್ಳುತ್ತದೆ. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಕಾಣಬೇಕು. ಮನೆಬಳಕೆಯ ಪೂರೈಕೆಯಲ್ಲಿ ಶೇ. 6ರಷ್ಟು ಏರಿಳಿತಕ್ಕೆ ಅವಕಾಶವಿದ್ದು, ಸುಮಾರು 216ರಿಂದ 244 ವೋಲ್ಟ್‌ವರೆಗೆ ಸರಿ. ಇಂಡಕ್ಷನ್ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ ಶೇ. 20 ಕುಸಿದರೆ ತಿರುಗುಬಲ ಶೇ. 36 ಇಳಿಯುತ್ತದೆ. ಸಂಜೆಯ ಹೊತ್ತು ಗುಂಯ್ಗುಡುತ್ತ ನಿಲ್ಲುವ ಡ್ರೈಯರ್ ಬೆಳಿಗ್ಗೆ ಸಲೀಸಾಗಿ ಓಡಿದರೆ ವೋಲ್ಟೇಜನ್ನು ಅಳೆಯಬೇಕು.

2,000 ವ್ಯಾಟ್‌ನ ಬಿಸಿಗಾಳಿ ಯಂತ್ರ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು. ಕನ್ವರ್ಷನ್ ಪ್ಲಗ್ ಸಿಕ್ಕಿಸಿ 6 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಸಂಪರ್ಕ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ಒಂದು ದಿನ ಯಂತ್ರ ನಿಂತೇ ಹೋಗುತ್ತದೆ. ಸಾಕೆಟ್ಟಿನ ಬಾಯಿ ಕಂದಾಗಿದ್ದರೆ, ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ ದೋಷ ಅಲ್ಲೇ ಇದೆ. ಅಗ್ರಹಾರ, ಚಾಮರಾಜಪುರಂ, ಕೆ.ಆರ್. ಮೊಹಲ್ಲಾದಂಥ ಹಳೆಯ ಭಾಗಗಳ ಹಳೇ ವೈರಿಂಗ್‌ನ ಮನೆಗಳಲ್ಲಿ ಯಂತ್ರ ಇಡುವ ಮೊದಲೇ ಅರ್ಥಿಂಗ್ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಫಲಕದ ರಕ್ಷಕ ಸ್ವಿಚ್ಚಾದ ಎಂಸಿಬಿ ಬಿದ್ದಿದ್ದರೆ ಅದನ್ನು ಒಮ್ಮೆ ಮಾತ್ರ ಮೇಲೆತ್ತಬಹುದು. ಪ್ಲಗ್ ತೆಗೆದಾಗ ನಿಂತು, ಹಾಕಿದೊಡನೆ ಬೀಳುತ್ತಿದ್ದರೆ ಯಂತ್ರದೊಳಗೆ ಶಾರ್ಟ್ ಆಗಿದೆ. ಆರ್‌ಸಿಸಿಬಿ ಬೀಳುತ್ತಿದ್ದರೆ ವಿದ್ಯುತ್ ಎಲ್ಲೋ ಸೋರುತ್ತಿದೆ. ಮಳೆಗಾಲದಲ್ಲಿ ತೇವ ಹಿಡಿದ ಮೋಟರ್ ಅಥವಾ ಕನೆಕ್ಟರ್ ಇದಕ್ಕೆ ಕಾರಣವಾಗುತ್ತದೆ. ಆರ್‌ಸಿಸಿಬಿಯನ್ನು ಬಲವಂತವಾಗಿ ಎತ್ತಿಹಿಡಿಯುವುದು ಜೀವಕ್ಕೆ ಅಪಾಯ.

ಸ್ಪಿನ್ ಡ್ರೈಯರ್: ಸದ್ದಿಲ್ಲದಿದ್ದರೆ

ಸೆಮಿ ಆಟೊಮ್ಯಾಟಿಕ್ ಯಂತ್ರದಲ್ಲಿ ಮೊದಲು ಒಗೆಯುವ ಬದಿಯ ಟೈಮರ್ ತಿರುಗಿಸಿ ನೋಡಬೇಕು. ಅದು ನಡೆದರೆ ಪ್ಲಗ್, ಕೇಬಲ್, ಪೂರೈಕೆ ಮೂರೂ ಸರಿ ಇವೆ. ದೋಷ ಸ್ಪಿನ್ ಬದಿಗೆ ಸೀಮಿತ. ಎರಡೂ ಸತ್ತಿದ್ದರೆ ಹುಡುಕಾಟ ಪ್ಲಗ್ ಮತ್ತು ಕೇಬಲ್ಲಿನಲ್ಲಿ.

ಸ್ಪಿನ್ ಬದಿಯಲ್ಲಿ ಯಾವ ಸದ್ದೂ ಇಲ್ಲದಿದ್ದರೆ ಮೋಟರಿಗೆ ಕರೆಂಟ್ ತಲುಪುತ್ತಿಲ್ಲ ಎಂದೇ ಮೊದಲು ಎಣಿಸಬೇಕು. ಮುಚ್ಚಳದ ಕೆಳಗಿನ ಸುರಕ್ಷಾ ಸ್ವಿಚ್ ಮುಖ್ಯ ಶಂಕಿತ. ಮುಚ್ಚಳ ಸರಿಯಾಗಿ ಕೂತಾಗ ಅದರ ಮೂತಿ ಒಂದು ಸನ್ನೆಯನ್ನು ಒತ್ತುತ್ತದೆ, ಸ್ವಿಚ್ ಕೂಡುತ್ತದೆ. ಮೂತಿ ಮುರಿದಿದ್ದರೆ, ಕೀಲು ಸಡಿಲವಾಗಿದ್ದರೆ, ಸಂಪರ್ಕದ ತಗಡು ಬಾಗಿದ್ದರೆ ಅಥವಾ ಕಪ್ಪಾಗಿದ್ದರೆ ಟೈಮರ್ ಟಿಕ್‌ಟಿಕ್ ಎನ್ನುತ್ತಿದ್ದರೂ ಡ್ರಮ್ ಕದಲುವುದಿಲ್ಲ. ಮುಚ್ಚಳದ ಒಂದು ಮೂಲೆಯನ್ನು ಒತ್ತಿದಾಗ ಯಂತ್ರ ಹೊರಟರೆ ದೋಷ ಇಲ್ಲೇ. ಆಮೇಲೆ ಸ್ಪಿನ್ ಟೈಮರ್. ಒಳಗಿನ ಸಂಪರ್ಕ ಸುಟ್ಟಿದ್ದರೆ ಗುಂಡಿ ತಿರುಗುತ್ತದೆ, ಕರೆಂಟ್ ದಾಟುವುದಿಲ್ಲ. ಪ್ಲಗ್ ತೆಗೆದು ಮಲ್ಟಿಮೀಟರನ್ನು ಕಂಟಿನ್ಯೂಟಿ (ಸಂಪರ್ಕ ಪರೀಕ್ಷೆ) ಸ್ಥಾನದಲ್ಲಿಟ್ಟು ಸ್ವಿಚ್, ಟೈಮರ್ ಎರಡನ್ನೂ ಅಳೆದರೆ ಅನುಮಾನಕ್ಕೆ ಜಾಗವಿಲ್ಲ.

ಇಲಿಯ ಹಾವಳಿ ಮತ್ತೊಂದು ದೊಡ್ಡ ಕಾರಣ. ತಳ ತೆರೆದಿರುವ ಪ್ಲಾಸ್ಟಿಕ್ ಮೈಯ ಯಂತ್ರಗಳೊಳಗೆ ಇಲಿ ಸುಲಭವಾಗಿ ನುಗ್ಗಿ ವೈರ್ ಕಡಿಯುತ್ತದೆ. ಹಿಂಬದಿಯ ಹಲಗೆ ಬಿಚ್ಚಿದಾಗ ಹಿಕ್ಕೆ, ಕಡಿದ ವೈರಿನ ಚೂರು ಕಂಡರೆ ಕಾರಣ ಸಿಕ್ಕಂತೆ. ಕಡಿದ ಜಾಗವನ್ನು ಬರೀ ಟೇಪಿನಿಂದ ಸುತ್ತದೆ ಸರಿಯಾದ ಕನೆಕ್ಟರ್ ಹಾಕಿಸಿ, ತಳಕ್ಕೆ ಜಾಲರಿ ಕೂರಿಸಬೇಕು.

ಎಲ್ಲ ಸ್ವಿಚ್ ಸರಿಯಿದ್ದೂ ಮೌನವಾಗಿದ್ದರೆ ಮೋಟರಿನ ವೈಂಡಿಂಗ್ ಅಥವಾ ಅದರೊಳಗಿನ ಉಷ್ಣ ರಕ್ಷಕ ತೆರೆದುಕೊಂಡಿರಬಹುದು. ಕೆಲವು ರಕ್ಷಕಗಳು ಮೋಟರ್ ತಣ್ಣಗಾದ ಮೇಲೆ ತಾವಾಗಿ ಕೂಡುತ್ತವೆ. ಒಂದರ ಹಿಂದೊಂದು ಬಟ್ಟೆಯ ಗಂಟು ಹಿಂಡಿ ನಿಂತ ಯಂತ್ರವನ್ನು ಅರ್ಧ ಗಂಟೆ ಬಿಟ್ಟು ಮತ್ತೆ ನೋಡುವುದು ಇದಕ್ಕಾಗಿ.

ಸ್ಪಿನ್ ಡ್ರೈಯರ್: ಗುಂಯ್ಗುಟ್ಟಿ ತಿರುಗದಿದ್ದರೆ

ಗುಂಯ್ ಎಂಬ ಸದ್ದು ಬಂದರೆ ಕರೆಂಟ್ ಮೋಟರನ್ನು ತಲುಪಿದೆ ಎಂದರ್ಥ. ಇನ್ನು ಎರಡೇ ಸಾಧ್ಯತೆ: ಹೊರಡಲು ಬೇಕಾದ ಬಲ ಸಿಗುತ್ತಿಲ್ಲ, ಇಲ್ಲವೇ ಏನೋ ತಡೆಹಿಡಿದಿದೆ. ಇಂಥ ಸದ್ದಿನಲ್ಲಿ ಯಂತ್ರವನ್ನು ಹಾಗೇ ಬಿಟ್ಟರೆ ಚೆನ್ನಾಗಿದ್ದ ಮೋಟರೂ ಸುಟ್ಟುಹೋಗುತ್ತದೆ. ಕೂಡಲೇ ಆಫ್ ಮಾಡಿ ಪ್ಲಗ್ ತೆಗೆಯಬೇಕು.

ಪ್ಲಗ್ ತೆಗೆದ ಮೇಲೆ, ಮುಚ್ಚಳದ ಸನ್ನೆಯನ್ನು ಮುಚ್ಚಿದ ಸ್ಥಿತಿಯಲ್ಲಿ ಒತ್ತಿಹಿಡಿದು ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಅನುಮಾನ, ಮೋಟರಿಗೆ ಹೊರಡುವ ಬಲ ಒದಗಿಸುವ ಕೆಪಾಸಿಟರಿನ ಮೇಲೆ. ಸ್ಪಿನ್ ಮೋಟರಿನ ಕೆಪಾಸಿಟರ್ ಸಾಮಾನ್ಯವಾಗಿ 4ರಿಂದ 6 ಮೈಕ್ರೋಫ್ಯಾರಡ್. ಬಹಳಷ್ಟು ಯಂತ್ರಗಳಲ್ಲಿ ಒಗೆಯುವ ಮೋಟರಿನದೂ ಸ್ಪಿನ್ ಮೋಟರಿನದೂ ಒಂದೇ ಡಬ್ಬಿಯಲ್ಲಿರುತ್ತವೆ. ಅದರಲ್ಲಿ ಒಂದು ಭಾಗ ಕೆಟ್ಟು ಇನ್ನೊಂದು ಚೆನ್ನಾಗಿರುವುದರಿಂದ, ಒಗೆಯುವ ಬದಿ ನಡೆಯುತ್ತಿದೆ ಎಂದು ಕೆಪಾಸಿಟರನ್ನು ನಿರ್ದೋಷಿ ಎನ್ನುವಂತಿಲ್ಲ. ಡಬ್ಬಿಯ ಮೇಲೆ ಅಚ್ಚಾದ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಸಂಖ್ಯೆ ನೋಡಿಯೇ ಹೊಸದನ್ನು ಕೊಳ್ಳಬೇಕು.

ಕೈಯಿಂದ ತಿರುಗಿಸಿದಾಗ ಬಿಗಿಯಾಗಿದ್ದರೆ ಬ್ರೇಕ್ ನೋಡಬೇಕು. ಮುಚ್ಚಳ ತೆರೆದೊಡನೆ ಡ್ರಮ್ ನಿಲ್ಲಲೆಂದು ಸ್ಪ್ರಿಂಗ್ ಒಂದು ಬ್ರೇಕ್ ಶೂವನ್ನು ಮೋಟರಿನ ಮೇಲಿನ ಚಕ್ರಕ್ಕೆ ಒತ್ತಿರುತ್ತದೆ; ಮುಚ್ಚಳ ಮುಚ್ಚಿದಾಗ ಬ್ರೇಕ್ ವೈರ್ ಅದನ್ನು ಎಳೆದು ಬಿಡಿಸುತ್ತದೆ. ವೈರ್ ಕಡಿದರೆ ಅಥವಾ ಸಡಿಲವಾದರೆ ಬ್ರೇಕ್ ಬಿಡುವುದಿಲ್ಲ. ಬೇಸಗೆಯಿಡೀ ನಿಂತ ಯಂತ್ರದಲ್ಲಿ ಶೂ ತುಕ್ಕಿನ ಚಕ್ರಕ್ಕೆ ಅಂಟಿಕೊಂಡಿರುವುದೂ ಉಂಟು.

ಡ್ರಮ್ಮಿಗೂ ಹೊರತೊಟ್ಟಿಗೂ ನಡುವೆ ಕರ್ಚೀಫು, ಮಗುವಿನ ಕಾಲುಚೀಲ, ಲಂಗದ ಲಾಡಿ ಸಿಕ್ಕಿಕೊಳ್ಳುವುದು ಸಾಮಾನ್ಯ. ಬಟ್ಟೆಯ ಮೇಲೆ ಇಡುವ ಒಳತಟ್ಟೆಯನ್ನು ಬಿಟ್ಟರೆ ಹೀಗಾಗುತ್ತದೆ. ನೀರು ಹೋಗುವ ಪೈಪ್ ಮೇಲೆತ್ತಿ ಕಟ್ಟಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಹೊರತೊಟ್ಟಿಯಲ್ಲಿ ನೀರು ನಿಂತು ಡ್ರಮ್ಮನ್ನು ತಡೆಯುತ್ತದೆ. ತಳದ ರಬ್ಬರ್ ಸೀಲ್ ಹರಿದಿದ್ದರೆ ಸಾಬೂನಿನ ನೀರು ಶಾಫ್ಟಿನ ಗುಂಟ ಇಳಿದು ಬುಷ್ ಮತ್ತು ಮೋಟರಿನ ಬೇರಿಂಗನ್ನು ತಿನ್ನುತ್ತದೆ. ಬರೀ ಬೇರಿಂಗ್ ಬದಲಿಸಿ ಸೀಲ್ ಬಿಟ್ಟರೆ ಅದೇ ದೋಷ ಮರುಕಳಿಸುತ್ತದೆ.

ಟಂಬಲ್ ಡ್ರೈಯರ್

ಫಲಕದಲ್ಲಿ ದೀಪವಿದ್ದೂ ಯಂತ್ರ ಹೊರಡದಿದ್ದರೆ ಮೊದಲು ಚೈಲ್ಡ್ ಲಾಕ್ ಮತ್ತು ತಡವಾಗಿ ಆರಂಭಿಸುವ ಆಯ್ಕೆಯನ್ನು ನೋಡಬೇಕು. ಕಂಡೆನ್ಸರ್ ಮಾದರಿಯಲ್ಲಿ ನೀರಿನ ತೊಟ್ಟಿ ತುಂಬಿದ್ದರೂ ಯಂತ್ರ ನಿಲ್ಲುತ್ತದೆ. ಬಾಗಿಲು ಮುಚ್ಚಿದಾಗ ಕ್ಲಿಕ್ ಎನ್ನದಿದ್ದರೆ ಬಾಗಿಲ ಸ್ವಿಚ್ ಅಥವಾ ಕೊಕ್ಕೆ ಕೆಟ್ಟಿದೆ. ಮೋಟರ್ ಓಡುವ ಸದ್ದಿದ್ದೂ ಡ್ರಮ್ ಉರುಳದಿದ್ದರೆ ಬೆಲ್ಟ್ ತುಂಡಾಗಿದೆ; ಕೆಲವು ಮಾದರಿಗಳಲ್ಲಿ ಬೆಲ್ಟ್ ಕಡಿದರೆ ಒಂದು ಸ್ವಿಚ್ ಮೋಟರನ್ನೂ ನಿಲ್ಲಿಸುತ್ತದೆ.

ಉಷ್ಣ ಫ್ಯೂಸ್ ಈ ಯಂತ್ರದ ಬಹುಮುಖ್ಯ ರಕ್ಷಕ. ಗಾಳಿ ಮಿತಿಮೀರಿ ಬಿಸಿಯಾದಾಗ ಇದು ಒಮ್ಮೆಗೇ ಕಡಿದುಹೋಗುತ್ತದೆ, ತಾನಾಗಿ ಕೂಡುವುದಿಲ್ಲ. ಕೆಲವು ಮಾದರಿಗಳಲ್ಲಿ ಫ್ಯೂಸಿನ ಬದಲು ಹಿಂಬದಿಯಲ್ಲಿ ಒತ್ತಿ ಸರಿಪಡಿಸುವ ಗುಂಡಿ ಇರುತ್ತದೆ. ಫ್ಯೂಸ್ ಹೋಗಿದ್ದರೆ ಅದರ ಹಿಂದೆ ಕಾರಣವೊಂದು ಇದ್ದೇ ಇರುತ್ತದೆ: ನೂಲಿನ ಧೂಳಿನಿಂದ ಮುಚ್ಚಿದ ಜಾಲರಿ, ಮಡಿಚಿಕೊಂಡ ಗಾಳಿಕೊಳವೆ ಅಥವಾ ಕೆಟ್ಟ ಥರ್ಮೋಸ್ಟಾಟ್. ಫ್ಯೂಸಿನ ಜಾಗದಲ್ಲಿ ತಂತಿ ಕಟ್ಟಿ ಓಡಿಸುವುದು ಮನೆಗೆ ಬೆಂಕಿಯನ್ನು ಕರೆದಂತೆ. ಅಮೆರಿಕದ ಅಗ್ನಿಶಾಮಕ ಆಡಳಿತದ ವರದಿಯಂತೆ 2008-2010ರ ಅವಧಿಯಲ್ಲಿ ಆ ದೇಶದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳಾದವು, ಶೇ. 34ರಷ್ಟಕ್ಕೆ ಯಂತ್ರವನ್ನು ಶುಚಿ ಮಾಡದಿದ್ದುದೇ ಕಾರಣ.

ವಾಷರ್-ಡ್ರೈಯರ್ ಮತ್ತು ಫುಲ್ಲಿ ಆಟೊಮ್ಯಾಟಿಕ್

ವಾಷರ್-ಡ್ರೈಯರಿನಲ್ಲಿ ಒಗೆಯಬಲ್ಲಷ್ಟು ಬಟ್ಟೆಯನ್ನು ಒಣಗಿಸಲಾಗದು, 8 ಕೆ.ಜಿ. ಒಗೆಯುವ ಯಂತ್ರ ಒಣಗಿಸುವುದು 5 ಕೆ.ಜಿ. ಆಸುಪಾಸು. ಆವಿಯನ್ನು ತಣ್ಣೀರಿನಿಂದ ನೀರಾಗಿಸುವ ಮಾದರಿಗಳಿಗೆ ಒಣಗಿಸುವಾಗಲೂ ನೀರು ಬೇಕು. ಸಂಪು, ಟ್ಯಾಂಕ್ ಖಾಲಿಯಾಗಿ ನಲ್ಲಿ ಬತ್ತಿದ್ದರೆ ಯಂತ್ರ ದೋಷ ತೋರಿಸಬಹುದು. ಫುಲ್ಲಿ ಆಟೊಮ್ಯಾಟಿಕ್ ಯಂತ್ರಗಳು ಒಳಗಿನ ನೀರು ಹೊರಹೋಗುವವರೆಗೆ, ಬಟ್ಟೆಯ ಭಾರ ಸಮವಾಗುವವರೆಗೆ ಸ್ಪಿನ್ ಆರಂಭಿಸುವುದಿಲ್ಲ. ಎಲ್‌ಜಿ ಯಂತ್ರಗಳಲ್ಲಿ ಡಿಇ ಬಾಗಿಲನ್ನೂ ಯುಇ ಭಾರದ ಏರುಪೇರನ್ನೂ ಓಇ ನೀರು ಹೋಗದಿರುವುದನ್ನೂ ಸೂಚಿಸುತ್ತವೆ. ಒಂದೇ ಕಂಬಳಿಯೋ ಜಮಖಾನೆಯೋ ಒಂದು ಬದಿಗೆ ಗುಡ್ಡೆಯಾಗಿದ್ದರೆ ಅದನ್ನು ಬಿಡಿಸಿ ಹರಡಿದರೆ ಸಾಕು.

ಹೊರದೇಶದ ಕನ್ನಡ ಮನೆಗಳಲ್ಲಿ

ಅಮೆರಿಕದಲ್ಲಿ ವಿದ್ಯುತ್ ಡ್ರೈಯರಿಗೆ 240 ವೋಲ್ಟ್‌ನ ಪ್ರತ್ಯೇಕ ಸಂಪರ್ಕವಿದ್ದು, ಅದು 120 ವೋಲ್ಟ್‌ನ ಎರಡು ಲೈನ್‌ಗಳಿಂದ ಕೂಡಿದೆ. ಒಂದು ಲೈನ್ ಹೋದರೆ ಡ್ರಮ್ ತಿರುಗಿದರೂ ಬಿಸಿ ಬಾರದಿರಬಹುದು. ಇನ್ನೊಂದು ಹೋದರೆ ಯಂತ್ರವೇ ಹೊರಡದಿರಬಹುದು. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡುವುದು ಅಲ್ಲಿನ ಮೊದಲ ಹೆಜ್ಜೆ. ಬ್ರಿಟನ್ನಿನ ಪ್ಲಗ್ಗಿನೊಳಗೇ 13 ಆಂಪಿಯರ್ ಫ್ಯೂಸ್ ಇರುವುದರಿಂದ ಅಲ್ಲಿ ಅದನ್ನು ಮೊದಲು ಬದಲಿಸಿ ನೋಡುತ್ತಾರೆ. 60 ಹರ್ಟ್ಸ್‌ಗೆ ತಯಾರಾದ ಅಮೆರಿಕದ ಯಂತ್ರವನ್ನು 50 ಹರ್ಟ್ಸ್‌ನ ಮೈಸೂರಿಗೆ ಸಾಗಿಸಿ ತರುವುದು ಸಲ್ಲದು.

ಸುರಕ್ಷತೆ

ಹಲಗೆ ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ರೂಢಿ ಬಿಟ್ಟು ರೆಸಿಸ್ಟರ್ ಮೂಲಕ ಖಾಲಿ ಮಾಡಬೇಕು. ಕರೆಂಟ್ ಇರುವಾಗ ಡ್ರಮ್ಮನ್ನು ಕೈಯಿಂದ ತಳ್ಳಿ ಹೊರಡಿಸುವುದು, ಮುಚ್ಚಳದ ಸ್ವಿಚ್ಚನ್ನು ತಂತಿಯಿಂದ ಕೂಡಿಸುವುದು ಕೈಗೆ, ಮಕ್ಕಳ ಜೀವಕ್ಕೆ ಎರವಾಗುವ ಕೆಲಸಗಳು. ಯಂತ್ರದ ಮೈ ಮುಟ್ಟಿದಾಗ ಜುಮ್ಮೆಂದರೆ ಬಳಕೆ ನಿಲ್ಲಿಸಿ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು.

ರಿಪೇರಿ ಮತ್ತು ಗ್ರಾಹಕರ ಹಕ್ಕು

ವಾರಂಟಿ ಇರುವ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸಬಾರದು. ಹಲವು ತಯಾರಕರು ಯಂತ್ರಕ್ಕಿಂತ ಮೋಟರಿಗೆ ಹೆಚ್ಚು ವರ್ಷದ ವಾರಂಟಿ ಕೊಡುವುದರಿಂದ ಕಾರ್ಡ್ ತೆಗೆದು ನೋಡುವುದು ಒಳ್ಳೆಯದು. ಮೋಟರ್ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದರೆ, ಕೆಪಾಸಿಟರ್ ಮತ್ತು ಬ್ರೇಕ್ ನೋಡಿದ್ದಾರೆಯೇ ಎಂದು ಕೇಳಿ, ವೈಂಡಿಂಗ್ ಅಳತೆಯನ್ನು ಮೀಟರಿನಲ್ಲಿ ತೋರಿಸಲು ಹೇಳುವ ಹಕ್ಕು ಗ್ರಾಹಕರಿಗಿದೆ. ತೆಗೆದ ಹಳೆಯ ಭಾಗವನ್ನೂ ರಸೀದಿಯನ್ನೂ ಕೇಳಿ ಪಡೆಯಬೇಕು. ಸೇವೆಯಲ್ಲಿ ಕೊರತೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ. ರಿಪೇರಿಗೆ ನಿಲುಕದ ಯಂತ್ರವನ್ನು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು.

ಮಳೆಗಾಲಕ್ಕೆ ಮುನ್ನ

ಬೇಸಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಖಾಲಿ ಡ್ರೈಯರನ್ನು ಒಂದೆರಡು ನಿಮಿಷ ಓಡಿಸಿದರೆ ಬ್ರೇಕ್ ಮತ್ತು ಶಾಫ್ಟ್ ಅಂಟುವುದಿಲ್ಲ. ಮೇ ಕೊನೆಯೊಳಗೆ ತಳದ ಜಾಲರಿ, ನೀರಿನ ಪೈಪ್, ಪ್ಲಗ್ಗಿನ ಪಿನ್, ನೂಲುಧೂಳಿನ ಜಾಲರಿ ಇಷ್ಟನ್ನು ನೋಡಿಕೊಳ್ಳಬೇಕು. ಇರಚಲು ಬಡಿಯುವಲ್ಲಿ ಯಂತ್ರಕ್ಕೆ ಹೊದಿಕೆ ಬೇಕು. ಯಂತ್ರ ಹೊರಡದ ದಿನ ಸಾಕೆಟ್, ಮುಚ್ಚಳ, ಟೈಮರ್, ಬ್ರೇಕ್, ಕೆಪಾಸಿಟರ್ ಎಂಬ ಕ್ರಮವನ್ನು ಬಿಡದೆ ಪಾಲಿಸಿ. ಈ ಐದೂ ಸರಿ ಇವೆ ಎಂದು ಖಚಿತವಾಗುವವರೆಗೆ ಹೊಸ ಮೋಟರಿಗೆ ಹಣ ಕೊಡಬೇಡಿ.